ಸದ್ದಿಗೂ ಪಂಚಾಂಗವಿದೆ: ಚೆನ್ನೈನ ಒಂದು ಡಿಸೆಂಬರ್ ವಾಸ್ತವ್ಯದ ಪ್ರಕರಣ

ಹಿನ್ನೆಲೆ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಹಿರಿಯರ ಪ್ರಯಾಣ, ವಾಸ್ತವ್ಯಗಳ ವ್ಯವಸ್ಥೆ ನೋಡಿಕೊಳ್ಳುವ ಸಣ್ಣ ಕಚೇರಿ ನಮ್ಮದು. ಈ ಪ್ರಕರಣದಲ್ಲಿ ಯಾರೂ ಮೋಸ ಮಾಡಲಿಲ್ಲ, ಯಾವ ಹೋಟೆಲೂ ಕೆಟ್ಟದ್ದಾಗಿರಲಿಲ್ಲ. ಆದರೂ ಎಪ್ಪತ್ತು ದಾಟಿದ ಹಿರಿಯರೊಬ್ಬರು ನಿದ್ದೆಗೆಟ್ಟು, ಅರ್ಧಕ್ಕೇ ಊರಿಗೆ ಹೊರಟು ನಿಂತಿದ್ದರು. ಅದಕ್ಕಾಗಿಯೇ ಇದನ್ನು ವಿವರವಾಗಿ ಬರೆದಿಡುತ್ತಿದ್ದೇನೆ. ಗುರುತು ಸಿಗದಿರಲೆಂದು ಅವರನ್ನು ರಾಯರು ಎಂದೂ ಅವರ ಪತ್ನಿಯನ್ನು ಅಮ್ಮನವರು ಎಂದೂ ಕರೆಯುತ್ತೇನೆ. ಹೋಟೆಲುಗಳ ಹೆಸರು ಹೇಳುವುದಿಲ್ಲ, ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅಮ್ಮನವರು ಚಿಕ್ಕಂದಿನಲ್ಲಿ ವೀಣೆ ಕಲಿತವರು. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ರಾಮನವಮಿ ಸಂಗೀತೋತ್ಸವ ನಡೆಯುವಾಗ ಮನೆಯ ಅಡಿಗೆಯ ಹೊತ್ತೇ ಬದಲಾಗುತ್ತದೆ ಎಂದು ರಾಯರು ನಗುತ್ತಿದ್ದರು. ಚೆನ್ನೈನ ಡಿಸೆಂಬರ್ ಸಂಗೀತ ಕಛೇರಿಗಳನ್ನು ಒಂದು ವಾರವಾದರೂ ಅಲ್ಲೇ ಕುಳಿತು ಕೇಳಬೇಕೆಂಬುದು ಆಕೆಯ ಬಹುಕಾಲದ ಆಸೆ. ರಾಯರಿಗೆ ಸಂಗೀತ ಅಷ್ಟಕ್ಕಷ್ಟೇ. ಅವರ ಬೇಡಿಕೆ ಎರಡೇ: ಬೆಳಿಗ್ಗೆ ಸಮುದ್ರದ ದಂಡೆಯಲ್ಲಿ ನಡೆಯಬೇಕು, ರಾತ್ರಿ ನಿದ್ದೆ ಬರಬೇಕು. ರಕ್ತದೊತ್ತಡದ ಮಾತ್ರೆ ನುಂಗುವವರು; ನಿದ್ದೆ ಎರಡು ದಿನ ಕೆಟ್ಟರೆ ಮೂರನೆಯ ದಿನ ತಲೆ ಸುತ್ತುತ್ತದೆ. ಎಚ್ಚರ ನಿದ್ದೆ ಬೇರೆ, ಪಕ್ಕದ ಮನೆಯ ಗೇಟು ಕಿರುಗುಟ್ಟಿದರೂ ಕಣ್ಣು ಬಿಡುವ ಜಾತಿ.

ರೈಲಿನ ಟಿಕೆಟ್ ನಾವು ಮಾಡಿಕೊಟ್ಟೆವು. ಬೆಳಗಿನ ಶತಾಬ್ದಿಯಲ್ಲಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಮೊದಲು ಚೆನ್ನೈ ಸೆಂಟ್ರಲ್. ಹೋಟೆಲನ್ನು ಮಾತ್ರ ಬೇರೆ ಊರಿನಲ್ಲಿರುವ ಮಗ ಮೊಬೈಲಿನಲ್ಲೇ ಕಾದಿರಿಸಿದ್ದ. ಅಪ್ಪನಿಗೆ ಸಮುದ್ರ ಬೇಕು, ಆದ್ದರಿಂದ ಸಮುದ್ರ ಕಾಣುವ ಕೋಣೆ. ದಿನಕ್ಕೆ ಐದು ಸಾವಿರದ ಮೇಲೆ, ಮೊದಲ ಐದು ರಾತ್ರಿಯ ಪೂರ್ತಿ ಹಣ ಮುಂಗಡ, ರದ್ದುಪಡಿಸಿದರೆ ವಾಪಸಿಲ್ಲ. ಚೆನ್ನೈನ ಡಿಸೆಂಬರಿಗೆ ಇಂಥ ಷರತ್ತು ಒಪ್ಪಿಕೊಳ್ಳುವುದನ್ನು ನಾವು ಯಾರಿಗೂ ಸಲಹೆ ಮಾಡುವುದಿಲ್ಲ. ಅಲ್ಲಿ ಹಿಂಗಾರು ಮಳೆ ಡಿಸೆಂಬರಿನವರೆಗೂ ಸುರಿಯುತ್ತದೆ. 2015ರ ಡಿಸೆಂಬರ್ ಆರಂಭದ ಪ್ರವಾಹ, 2016ರ ಡಿಸೆಂಬರ್ 12ರ ವಾರ್ದಾ ಚಂಡಮಾರುತ, 2023ರ ಡಿಸೆಂಬರಿನ ಮಿಚಾಂಗ್, ಮೂರೂ ಸಲ ನಗರವೇ ನಿಂತುಹೋಗಿತ್ತು. ಈ ಪ್ರಕರಣದಲ್ಲಿ ಮಳೆ ತೊಂದರೆ ಕೊಡಲಿಲ್ಲ, ಷರತ್ತು ಕೊಟ್ಟಿತು.

ತೊಡಕು

ಮರೀನಾ ಕಡಲತೀರದ ಎದುರು ಹೋಟೆಲುಗಳ ಸಾಲು ಇರುತ್ತದೆಂದು ಬೆಂಗಳೂರಿನವರು ಊಹಿಸಿಕೊಳ್ಳುತ್ತಾರೆ. ಹಾಗಿಲ್ಲ. ತೀರದ ಪಕ್ಕದ ರಸ್ತೆಯಾದ ಕಾಮರಾಜರ್ ಸಾಲೈಯ ಉದ್ದಕ್ಕೂ ಮದ್ರಾಸ್ ವಿಶ್ವವಿದ್ಯಾಲಯ, ಪ್ರೆಸಿಡೆನ್ಸಿ ಕಾಲೇಜು, ವಿವೇಕಾನಂದರ್ ಇಲ್ಲಂ, ಪೊಲೀಸ್ ಪ್ರಧಾನ ಕಚೇರಿ ಇಂಥವೇ ಕುಳಿತಿವೆ. ಸಾಧಾರಣ ದರದ ವಸತಿಗೃಹಗಳು ಸಮುದ್ರದಿಂದ ಒಳಕ್ಕೆ, ಸಮುದ್ರದತ್ತ ಓಡುವ ದೊಡ್ಡ ರಸ್ತೆಗಳ ಮೇಲೆ ಇವೆ. ಹೀಗಾಗಿ ಸಮುದ್ರ ಕಾಣುವ ಕೋಣೆ ಎಂದರೆ ಬಹುಮಟ್ಟಿಗೆ ಮೇಲಿನ ಮಹಡಿಯ, ಮುಖ್ಯರಸ್ತೆಗೆ ಕಿಟಕಿ ತೆರೆದ ಕೋಣೆ. ನೀಲಿ ಪಟ್ಟಿಯೊಂದು ದೂರದಲ್ಲಿ ಕಾಣುತ್ತದೆ, ಕೆಳಗಿನ ರಸ್ತೆ ಇಡೀ ಕೇಳಿಸುತ್ತದೆ.

ಇದರ ಜೊತೆಗೆ ಮೆಟ್ರೊ ಕಾಮಗಾರಿ. ಚೆನ್ನೈ ಮೆಟ್ರೊದ ಎರಡನೆಯ ಹಂತದಲ್ಲಿ ಲೈಟ್‌ಹೌಸ್‌ನಿಂದ ಪೂನಮಲ್ಲಿಗೆ ಹೋಗುವ ಮಾರ್ಗವೂ ಮಾಧವರಂನಿಂದ ದಕ್ಷಿಣಕ್ಕೆ ಬರುವ ಮಾರ್ಗವೂ ಮೈಲಾಪುರದ ತಿರುಮೈಲೈನಲ್ಲಿ ಸಂಧಿಸುತ್ತವೆ. ಅಲ್ಲಿನ ಲಸ್ ವೃತ್ತದ ಸುತ್ತಮುತ್ತ ತಗಡಿನ ಬೇಲಿ, ತಿರುಗಿಸಿದ ಸಂಚಾರ ಎಂದರೆ ಹೇಗಿರುತ್ತದೆಂದು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮಣ್ಣು ಹೊರುವ ಲಾರಿಗಳ ಓಡಾಟಕ್ಕೆ ರಾತ್ರಿಯೇ ಅನುಕೂಲ. ಲಾರಿ ಹಿಂದಕ್ಕೆ ಬರುವಾಗ ಹೊಡೆದುಕೊಳ್ಳುವ ಕೀಂ ಕೀಂ ಸದ್ದು ರಾಯರನ್ನು ಮೊದಲ ರಾತ್ರಿ ಹನ್ನೆರಡೂವರೆಗೆ ಎಬ್ಬಿಸಿತು, ಮತ್ತೆ ಒಂದೂವರೆಗೆ, ಮತ್ತೆ ಮೂರಕ್ಕೆ. ಎರಡನೆಯ ರಾತ್ರಿಯೂ ಅದೇ ಕಥೆ. ಮೂರನೆಯ ದಿನ ಬೆಳಿಗ್ಗೆ ಅಮ್ಮನವರು ನಮಗೆ ಫೋನು ಮಾಡಿದರು.

"ಇವರು ರಾತ್ರಿಯೆಲ್ಲ ಕುರ್ಚಿಯಲ್ಲಿ ಕುಳಿತಿದ್ದರು. ನಾನು ಕಛೇರಿಯಲ್ಲಿ ಕುಳಿತು ಏನು ಕೇಳಲಿ? ನಾಳೆಯ ರೈಲಿಗೆ ಟಿಕೆಟ್ ಸಿಗುತ್ತದೆಯೇ, ನೋಡಿ."

ಇಲ್ಲಿ ಹೋಟೆಲನ್ನು ದೂರಿ ಫಲವಿಲ್ಲ. ಅವರು ಸಮುದ್ರ ಕಾಣುತ್ತದೆ ಎಂದಿದ್ದರು, ಕಾಣುತ್ತಿತ್ತು. ಜಾಲತಾಣದ ಅಭಿಪ್ರಾಯಗಳಲ್ಲಿ ಶಾಂತ ಪರಿಸರ ಎಂದು ಬರೆದವರೂ ಸುಳ್ಳು ಹೇಳಿರಲಾರರು. ಅವರಲ್ಲಿ ಹೆಚ್ಚಿನವರು ಬಂದದ್ದು ಬೇಸಗೆಯಲ್ಲಿ. ಕಿಟಕಿ ಬಿಗಿದು ಹವಾನಿಯಂತ್ರಕ ಹಾಕಿಕೊಂಡು ಮಲಗಿದರೆ ಅದರ ಗುಂಯ್ ಸದ್ದಿನಲ್ಲೇ ಅರ್ಧ ರಸ್ತೆ ಮುಳುಗಿಹೋಗುತ್ತದೆ. ಇನ್ನರ್ಧ ಜನ ರಾತ್ರಿ ಎರಡಕ್ಕೆ ಮಲಗಿ ಒಂಬತ್ತಕ್ಕೆ ಏಳುವ ವಯಸ್ಸಿನವರು. ರಾಯರು ಬೆಂಗಳೂರಿನಲ್ಲಿ ಎ.ಸಿ. ಕಂಡವರಲ್ಲ, ಶೀತ ಆಗುತ್ತದೆಂದು ಇಲ್ಲಿಯೂ ಅದನ್ನು ಆರಿಸಿ, ಕಿಟಕಿ ತೆರೆದು ಮಲಗಿದ್ದರು.

ಮಾಡಿ ನೋಡಿದ್ದು

ಮೊದಲು ಅದೇ ಹೋಟೆಲಿನಲ್ಲಿ ಹಿಂಬದಿಯ ಕೋಣೆ ಕೇಳಿದೆವು. ಸಿಕ್ಕಿತು ಕೂಡ. ಆದರೆ ಅದರ ಕಿಟಕಿಯ ಕೆಳಗೇ ಅಡಿಗೆಮನೆಯ ಎಕ್ಸಾಸ್ಟ್ ಫ್ಯಾನಿನ ದೊಡ್ಡ ಕೊಳವೆ, ಅದರ ಪಕ್ಕ ಜನರೇಟರ್. ಅಮ್ಮನವರು ಹೋಗಿ ನೋಡಿ ಬಂದು, ಬೇಡ ಎಂದರು. ಅಲ್ಲಿಗೆ ಮುಖ್ಯ ನಿರ್ಧಾರ ಎದುರಿಗೆ ಬಂತು: ಕೊಟ್ಟ ಹಣ ಬಿಟ್ಟು ಹೊರಡುವುದೋ, ಹಣದ ಮುಖ ನೋಡಿ ಇರುವುದೋ. ಮಗ ಫೋನಿನಲ್ಲಿ ಇನ್ನೆರಡು ದಿನ ಹೊಂದಿಕೊಳ್ಳಿ ಎಂದ. ಹೋದ ಹಣ ಹೇಗೂ ಹೋಯಿತು, ಇದ್ದರೂ ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ. ಈಗ ಎಣಿಸಬೇಕಾದದ್ದು ಉಳಿದ ರಾತ್ರಿಗಳನ್ನು ಮಾತ್ರ ಎಂದು ನಾವು ಹೇಳಿದೆವು. ರಾಯರು ಸಾರ್ವಜನಿಕ ಉದ್ಯಮವೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾದವರು. ಈ ಮಾತು ಅವರಿಗೆ ಕೂಡಲೇ ಹಿಡಿಸಿತು. ಹೆಂಡತಿಗಾಗಿ ಒಂದು ದಿನ ಕಾದು ನೋಡೋಣ ಎಂದು ಒಪ್ಪಿದರು.

ಮುಂದಿನದು ಎಲ್ಲಿಗೆ ಎಂಬ ಪ್ರಶ್ನೆ. ಕಛೇರಿಗಳ ಮುಖ್ಯ ತಾಣಗಳು ಟಿ.ಟಿ.ಕೆ. ರಸ್ತೆಯ ಮ್ಯೂಸಿಕ್ ಅಕಾಡೆಮಿ, ಅದೇ ರಸ್ತೆಯ ನಾರದ ಗಾನ ಸಭಾ ಮತ್ತು ಮೈಲಾಪುರದ ಪೂರ್ವ ಮಾಡ ಬೀದಿಯ ಭಾರತೀಯ ವಿದ್ಯಾ ಭವನ. ರಾತ್ರಿಯ ಮುಖ್ಯ ಕಛೇರಿ ಮುಗಿಯುವಾಗ ಒಂಬತ್ತು ದಾಟಿರುತ್ತದೆ. ಆ ಹೊತ್ತಿನಲ್ಲಿ ಆಟೊದವರೊಡನೆ ಚೌಕಾಶಿಗೆ ನಿಲ್ಲುವ ಶಕ್ತಿ ಇಬ್ಬರಿಗೂ ಇರಲಿಲ್ಲ. ಹಾಗಾಗಿ ದೂರದ ಬೆಸೆಂಟ್ ನಗರದ ಕಡೆ ಬಿಟ್ಟೆವು. ತಿರುವಲ್ಲಿಕೇಣಿಯಲ್ಲಿ ಅಗ್ಗದ ವಸತಿ ಬೇಕಾದಷ್ಟಿದೆ, ಆದರೆ ಅಲ್ಲಿನ ಮ್ಯಾನ್ಷನ್‌ಗಳು ಒಂಟಿ ಗಂಡಸರು ತಿಂಗಳುಗಟ್ಟಲೆ ಇರುವ ಜಾಗಗಳು. ಕಡಿದಾದ ಮೆಟ್ಟಿಲು, ಸಾಮೂಹಿಕ ಸ್ನಾನಗೃಹ. ಅದೂ ಆಗದು.

ಉಳಿದದ್ದು ಮೈಲಾಪುರದ ಎರಡು ಸಾಧಾರಣ ಹೋಟೆಲುಗಳು. ಒಂದು ದೇವಸ್ಥಾನದ ಸುತ್ತಲಿನ ಮಾಡ ಬೀದಿಗಳಿಗೆ ಅಂಟಿಕೊಂಡ ಓಣಿಯಲ್ಲಿ: ಕಪಾಲೀಶ್ವರರ್ ದೇವಸ್ಥಾನದ ಕೊಳ ನಾಲ್ಕು ಹೆಜ್ಜೆ, ವಿದ್ಯಾ ಭವನ ಇನ್ನೂ ಹತ್ತಿರ, ಕೆಳಗೇ ಒಳ್ಳೆಯ ಕಾಫಿ. ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು. ಇನ್ನೊಂದು ರಾಯಪೇಟ್ಟೈ ಹೈ ರೋಡಿನಿಂದ ಒಳಕ್ಕೆ, ಮಾಸಲು ಬಣ್ಣದ ನಾಲ್ಕು ಮಹಡಿಯ ಕಟ್ಟಡ. ಅದಕ್ಕಿದ್ದ ದೊಡ್ಡ ಅಪಕೀರ್ತಿ ಎಂದರೆ ಗೋಡೆಗೆ ಗೋಡೆ ತಾಗಿ ನಿಂತ ಕಲ್ಯಾಣ ಮಂಟಪ. ಮದುವೆಯ ಗದ್ದಲ, ನಿದ್ದೆಯಿಲ್ಲ ಎಂದು ಅಭಿಪ್ರಾಯಗಳಲ್ಲಿ ಸಾಲುಸಾಲು ದೂರು.

ಆ ದಿನ ಡಿಸೆಂಬರ್ 15. ಮರುದಿನ ಧನು ಸಂಕ್ರಮಣ, ತಮಿಳರ ಮಾರ್ಗಳಿ ತಿಂಗಳಿನ ಆರಂಭ. ಧನುರ್ಮಾಸದಲ್ಲಿ ನಮ್ಮಲ್ಲಿ ಮದುವೆ ಮಾಡುವುದಿಲ್ಲ, ಅವರಲ್ಲೂ ಮಾಡುವುದಿಲ್ಲ. ಅಂದರೆ ಎಲ್ಲರೂ ಬೈದಿದ್ದ ಆ ಮಂಟಪ ಜನವರಿ ನಡುವಿನ ಪೊಂಗಲ್‌ವರೆಗೆ ಬೀಗ ಹಾಕಿಕೊಂಡಿರಬೇಕು. ಎಲ್ಲರೂ ಹೊಗಳಿದ್ದ ಮೊದಲನೆಯದರ ಸುತ್ತ ಪರಿಸ್ಥಿತಿ ತಿರುವುಮುರುವು. ಮಾರ್ಗಳಿಯ ತಿಂಗಳಿಡೀ ದೇವಸ್ಥಾನಗಳು ನಸುಕಿಗೆ ಮೊದಲೇ ತೆರೆಯುತ್ತವೆ, ಆಂಡಾಳ್ ರಚಿಸಿದ ತಿರುಪ್ಪಾವೈಯ ಮೂವತ್ತು ಪಾಸುರಗಳನ್ನು, ಅಂದರೆ ಪದ್ಯಗಳನ್ನು, ದಿನಕ್ಕೊಂದರಂತೆ ಹಾಡುತ್ತಾರೆ, ಮಾಡ ಬೀದಿಗಳಲ್ಲಿ ಭಜನೆಯ ತಂಡಗಳು ಹೊರಡುತ್ತವೆ. ವಾಗ್ಗೇಯಕಾರ ಪಾಪನಾಶಂ ಶಿವನ್ ಅವರ ಕಾಲದಿಂದ ಮೈಲಾಪುರಕ್ಕೆ ಇದು ಹೆಮ್ಮೆಯ ಸಂಗತಿ. ದೊಡ್ಡ ದೇವಸ್ಥಾನಗಳ ಮಾತು ಬಿಡಿ, ಓಣಿಯ ತುದಿಯ ಪುಟ್ಟ ಗುಡಿಗೂ ಒಂದು ಧ್ವನಿವರ್ಧಕ ಇರುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕವನ್ನು ನಿಷೇಧಿಸಿವೆ, ವಸತಿ ಪ್ರದೇಶದ ರಾತ್ರಿಯ ಮಿತಿಯನ್ನು 45 ಡೆಸಿಬಲ್‌ಗೆ ಕಟ್ಟಿಹಾಕಿವೆ. ನಾಲ್ಕೂವರೆಗೆ ಎದ್ದು ಕುಳಿತ ರಾಯರು ಈ ನಿಯಮವನ್ನು ಯಾರಿಗೆ ಓದಿ ಹೇಳಬೇಕು?

ಬಸವನಗುಡಿಯವರು ಕಾರ್ತಿಕದ ಕಡೆಯ ಸೋಮವಾರದ ಆಸುಪಾಸು ಬುಲ್ ಟೆಂಪಲ್ ರಸ್ತೆಯಲ್ಲಿ ನೆಂಟರಿಗೆ ರೂಮು ಮಾಡಿಕೊಡುವುದಿಲ್ಲ. ಕಡಲೆಕಾಯಿ ಪರಿಷೆಯ ಪೀಪಿಗಳು ಆ ವಾರ ಮಾಡುವ ಸದ್ದು ವರ್ಷದ ಉಳಿದ ದಿನಗಳ ಅಭಿಪ್ರಾಯಗಳಲ್ಲಿ ಎಲ್ಲಿಯೂ ನಮೂದಾಗಿರುವುದಿಲ್ಲ. ಅದೇ ತರ್ಕ ಇಲ್ಲಿಯೂ ಹಿಡಿಯಿತು.

ಆದರೂ ಪಂಚಾಂಗವೊಂದನ್ನೇ ನಂಬಿ ಹಿರಿಯರನ್ನು ಕಳುಹಿಸಲಾಗದು. ಹಗಲಿನಲ್ಲಿ ವ್ಯವಸ್ಥಾಪಕರಿಗೆ ಫೋನು ಮಾಡಿದರೆ ಪ್ರತಿಯೊಂದು ಹೋಟೆಲೂ ಶಾಂತವೇ. ರಾತ್ರಿ ಹನ್ನೊಂದಕ್ಕೆ ಮಾಡಿದೆವು. ಎತ್ತಿದ್ದು ರಾತ್ರಿ ಪಾಳಿಯ ಹುಡುಗ, ಹೊಸೂರಿನ ಕಡೆಯವನು, ಕನ್ನಡ ಬರುತ್ತಿತ್ತು. ಶಾಂತವಾಗಿದೆಯೇ ಎಂದು ಕೇಳಲಿಲ್ಲ. ಈಗ ಏನೇನು ಕೇಳಿಸುತ್ತಿದೆ, ಹೇಳಪ್ಪ ಎಂದು ಕೇಳಿದೆವು. ಅವನು ನಕ್ಕು, ತಾಳಿ ಸಾರ್ ಎಂದು ಹೋಗಿ ಬೀದಿಯ ಬಾಗಿಲು ತೆರೆದು ಫೋನನ್ನು ಹೊರಗೆ ಹಿಡಿದ. ಒಂದು ನಾಯಿ, ದೂರದಲ್ಲೊಂದು ಸ್ಕೂಟರು, ಮತ್ತೆ ಏನೂ ಇಲ್ಲ. ಆಮೇಲೆ ಅವನೇ ಕೇಳದ ವಿಷಯವೊಂದನ್ನು ಹೇಳಿದ: "ಲಿಫ್ಟಿನ ಹತ್ತಿರದ ರೂಮು ತೆಗೆದುಕೊಳ್ಳಬೇಡಿ ಸಾರ್. ಹಳೆಯ ಕಬ್ಬಿಣದ ಗೇಟು, ಎಳೆದರೆ ಮೂರು ಮಹಡಿಗೆ ಕೇಳಿಸುತ್ತದೆ." ಇಡೀ ಪ್ರಕರಣದಲ್ಲಿ ನಮಗೆ ಸಿಕ್ಕ ಅತ್ಯಂತ ಬೆಲೆಬಾಳುವ ಮಾಹಿತಿ ಇದು. ಯಾವ ಚಿತ್ರದಲ್ಲೂ ಲಿಫ್ಟಿನ ಗೇಟಿನ ಸದ್ದು ಕಾಣುವುದಿಲ್ಲ.

ಎರಡನೆಯ ಮಹಡಿ, ಲಿಫ್ಟಿನಿಂದ ದೂರ, ಮಂಟಪದ ಬದಿಗೆ ಕಿಟಕಿ, ದಿನಕ್ಕೆ ಎರಡು ಸಾವಿರದ ನಾಲ್ಕುನೂರು. ಮರುದಿನ ಬೆಳಿಗ್ಗೆ ಅವರು ಅಲ್ಲಿಗೆ ಹೋದರು.

ಆದದ್ದು

ಆ ರಾತ್ರಿ ರಾಯರು ಹತ್ತೂವರೆಗೆ ಮಲಗಿ ಆರಕ್ಕೆ ಎದ್ದರು. ಮರೀನಾದಲ್ಲಿ ನಡೆದಾಡಿ ಬಂದು, ಅಲ್ಲಿಂದಲೇ ಫೋನು ಮಾಡಿ ಸಮುದ್ರದ ಅಲೆಯ ಸದ್ದು ಕೇಳಿಸಿದರು. ನಾವೂ ಕಡತ ಮುಚ್ಚುವುದರಲ್ಲಿದ್ದೆವು.

ಮಾರನೆಯ ದಿನ ಬೆಳಿಗ್ಗೆ ಮತ್ತೆ ಫೋನು. ಮೂರು ಗಂಟೆಯಿಂದ ಪಾತ್ರೆಯ ಸದ್ದು. ಕಲ್ಯಾಣ ಮಂಟಪದ ಹಿತ್ತಲಿನಲ್ಲಿ ದೀಪ ಉರಿಯುತ್ತಿತ್ತು, ನಾಲ್ಕಾರು ಜನ ಓಡಾಡುತ್ತಿದ್ದರು, ಕೊಪ್ಪರಿಗೆಯೊಂದನ್ನು ಸಿಮೆಂಟಿನ ಮೇಲೆ ಎಳೆದುಕೊಂಡು ಹೋದರು, ಗ್ರೈಂಡರ್ ಬೇರೆ. ಮದುವೆಯಿಲ್ಲದ ತಿಂಗಳಲ್ಲಿ ಇದೇನು?

ವಿಚಾರಿಸಿದಾಗ ತಿಳಿದದ್ದು ಹೀಗೆ. ಮಾರ್ಗಳಿಯಲ್ಲಿ ಮದುವೆಗಳಿಲ್ಲದೆ ಅಡಿಗೆಯ ಗುತ್ತಿಗೆದಾರರು ಬಿಡುವಾಗಿರುತ್ತಾರೆ. ಕಛೇರಿ ನಡೆಸುವ ಸಂಗೀತ ಸಭಾಗಳ ಕ್ಯಾಂಟೀನುಗಳನ್ನು ನಡೆಸುವವರು ಅವರೇ. ಕಛೇರಿಗಿಂತ ಕ್ಯಾಂಟೀನಿಗೆಂದೇ ಹೋಗುವವರೂ ಚೆನ್ನೈನಲ್ಲಿ ಕಡಿಮೆಯೇನಿಲ್ಲ. ಅಂಥವರೊಬ್ಬರು ಈ ಮಂಟಪದ ಅಡಿಗೆಮನೆಯನ್ನು ಕೆಲವು ವಾರಗಳಿಗೆ ಹಿಡಿದಿದ್ದರು, ಕೆಲಸ ಅಂದೇ ಶುರುವಾಗಿತ್ತು. ರಾತ್ರಿ ಪಾಳಿಯ ಹುಡುಗನಿಗೂ ಸುದ್ದಿಯಿರಲಿಲ್ಲ. ಅಂದರೆ ಹಿಂದಿನ ಸಂಜೆ ಅಮ್ಮನವರು ಸಭಾದಲ್ಲಿ ಕೊಂಡಾಡಿದ್ದ ಬಗೆಯ ತಿಂಡಿಯೇ ಈಗ ಗಂಡನ ನಿದ್ದೆ ಕೆಡಿಸಿತ್ತು. ಇದನ್ನು ಹೇಳಿದಾಗ ರಾಯರಿಗೆ ನಗು ಬಂತಂತೆ. ಎರಡು ದಿನದ ಹಿಂದೆ ಆಗಿದ್ದರೆ ಬರುತ್ತಿರಲಿಲ್ಲ.

ಮತ್ತೊಮ್ಮೆ ಹೋಟೆಲು ಬದಲಿಸೋಣವೇ ಎಂದಾಗ ಅಮ್ಮನವರು ಖಡಾಖಂಡಿತವಾಗಿ ಹೇಳಿದರು: "ಪೆಟ್ಟಿಗೆ ಕಟ್ಟುವುದು, ಬಿಚ್ಚುವುದು, ಇದಕ್ಕೆ ನಾನು ಬಂದದ್ದಲ್ಲ. ಇಲ್ಲೇ ಏನಾದರೂ ಮಾಡಿ." ಪ್ರಕರಣದ ಎರಡನೆಯ ತಿರುವು ಇದು. ಈ ಮಿತಿ ಬಿದ್ದ ಮೇಲೆ ಹುಡುಕಾಟ ಊರಿನಿಂದ ಕಟ್ಟಡದೊಳಕ್ಕೆ ಇಳಿಯಿತು. ಗುತ್ತಿಗೆದಾರರನ್ನು ಹೊತ್ತು ಬದಲಿಸಿ ಎಂದು ಕೇಳುವಂತಿಲ್ಲ, ಅದು ಅವರ ಹೊಟ್ಟೆಪಾಡು. ಹುಡುಗ ಮೂರನೆಯ ಮಹಡಿಯ ಮೂಲೆಯ ಕೋಣೆಯೊಂದನ್ನು ತೋರಿಸಿದ. ಮಂಟಪಕ್ಕೆ ಬೆನ್ನು, ಪಕ್ಕದ ಹಳೆಯ ಮನೆಯ ಅಂಗಳಕ್ಕೆ ಕಿಟಕಿ. ಎ.ಸಿ. ಇಲ್ಲ, ಸಾವಿರದ ಆರುನೂರು. ಕೋಣೆ ಚಿಕ್ಕದು: ಎರಡು ಕಬ್ಬಿಣದ ಮಂಚ, ಮೊಸಾಯಿಕ್ ನೆಲ, ಬಚ್ಚಲಿನಲ್ಲಿ ಬಕೆಟ್ಟು ಮತ್ತು ಚೊಂಬು, ಬೀಗ ಸರಿಯಾಗಿ ಕೂರದ ಗೋದ್ರೆಜ್ ಬೀರು. ಇದನ್ನು ಮೊದಲೇ ಏಕೆ ತೋರಿಸಲಿಲ್ಲ ಎಂದರೆ, ಹಿರಿಯರು, ಬೆಂಗಳೂರಿನವರು, ಎ.ಸಿ. ಇಲ್ಲದ್ದನ್ನು ಒಪ್ಪುವುದಿಲ್ಲ ಎಂದುಕೊಂಡಿದ್ದರಂತೆ.

ಎ.ಸಿ. ಇಲ್ಲದ್ದೇ ಒಂದು ಲೆಕ್ಕದಲ್ಲಿ ಅನುಕೂಲವಾಯಿತು. ಡಿಸೆಂಬರಿನ ಚೆನ್ನೈ ರಾತ್ರಿ ಇಪ್ಪತ್ತೆರಡು ಡಿಗ್ರಿಯ ಸುತ್ತ ಇರುತ್ತದೆ, ಫ್ಯಾನು ಸಾಕು. ಕಿಟಕಿಗೆ ಸೊಳ್ಳೆಯ ಜಾಲರಿ ಇದೆಯೇ ಎಂದು ಮಾತ್ರ ನೋಡಿಸಿದೆವು, ಇತ್ತು, ಒಂದು ಮೂಲೆ ಹರಿದಿತ್ತು. ಅಮ್ಮನವರು ಅಲ್ಲಿಗೆ ವೃತ್ತಪತ್ರಿಕೆ ಮಡಿಸಿ ತುರುಕಿದರು. ಫ್ಯಾನು ಸುತ್ತಿಗೊಮ್ಮೆ ಟಕ್ ಎನ್ನುತ್ತಿತ್ತು. ಗೇಟಿನ ಕಿರುಗುಟ್ಟಿಗೆ ಏಳುವ ರಾಯರು ಈ ಟಕ್ ಟಕ್ಕಿಗೆ ಏಳಲಿಲ್ಲ. ತಪ್ಪದೆ ಬರುವ ಸದ್ದನ್ನು ಕಿವಿ ಅರ್ಧ ಗಂಟೆಯಲ್ಲಿ ಮರೆಯುತ್ತದೆ, ಯಾವಾಗ ಬರುತ್ತದೆಂದು ಗೊತ್ತಿಲ್ಲದ ಸದ್ದನ್ನು ಕಾಯುತ್ತಾ ಮಲಗಿರುತ್ತದೆ. ಅಲ್ಲಿಂದ ಮುಂದೆ ಕೋಣೆ ನೋಡುವಾಗ ಎಷ್ಟು ಸದ್ದು ಎನ್ನುವುದಕ್ಕಿಂತ ಎಂಥ ಸದ್ದು ಎನ್ನುವುದನ್ನೇ ನಾವು ಹೆಚ್ಚು ಕೇಳುತ್ತಿದ್ದೇವೆ.

ಎಲ್ಲವೂ ಸುಸೂತ್ರವಾಯಿತು ಎಂದಲ್ಲ. ನಸುಕಿನ ಧ್ವನಿವರ್ಧಕ ಆ ಕೋಣೆಗೂ ತೆಳುವಾಗಿ ಕೇಳಿಸುತ್ತಿತ್ತು. ಒಂದು ರಾತ್ರಿ ಮೇಲಿನ ಮಹಡಿಗೆ ಬಂದ ಗುಂಪೊಂದು ಎರಡರವರೆಗೆ ಮಂಚ ಎಳೆದಾಡಿತು. ರಾಯರು ಬೆಳಿಗ್ಗೆ ಗೊಣಗಿದರು, ಮಧ್ಯಾಹ್ನ ಮಲಗಿ ಸರಿತೂಗಿಸಿಕೊಂಡರು. ಅಮ್ಮನವರಂತೂ ಧ್ವನಿವರ್ಧಕವನ್ನೇ ಅಲಾರಂ ಮಾಡಿಕೊಂಡು ಒಂದು ನಸುಕು ಮಾಡ ಬೀದಿಗೆ ಹೋಗಿ ಭಜನೆಯ ಹಿಂದೆ ನಡೆದು, ದೊನ್ನೆಯಲ್ಲಿ ಪೊಂಗಲ್ ತಂದು ಗಂಡನನ್ನು ಎಬ್ಬಿಸಿದರು. ಮಧ್ಯಾಹ್ನದ ಕಿರಿಯರ ಕಛೇರಿಗಳಿಗೆ ಹಲವು ಸಭಾಗಳಲ್ಲಿ ಟಿಕೆಟ್ ಇಲ್ಲ, ಹಣ ಉಳಿಯಿತು ಎಂಬ ಸಂಭ್ರಮ ಬೇರೆ.

ಖರ್ಚಿನ ಲೆಕ್ಕ ಚಿಕ್ಕದು. ಮೊದಲ ಹೋಟೆಲಿನಲ್ಲಿ ಬಿಟ್ಟ ಎರಡು ರಾತ್ರಿಯ ಹಣವನ್ನೂ ಸೇರಿಸಿ ನೋಡಿದರೆ, ಇಡೀ ವಾಸ್ತವ್ಯ ಮಗ ಮೂಲತಃ ಅಂದಾಜು ಮಾಡಿದ್ದಕ್ಕಿಂತ ಸ್ವಲ್ಪ ಕಡಿಮೆಯಲ್ಲೇ ಮುಗಿಯಿತು.

ಇದರಿಂದ ತಿಳಿದದ್ದು

ಶಾಂತ ಹೋಟೆಲು ಎಂಬುದು ಇಲ್ಲ. ಇಂಥ ತಾರೀಖಿನಲ್ಲಿ, ಇಂಥ ಹೊತ್ತಿನಲ್ಲಿ, ಇಂಥ ಕಿಟಕಿಯ ಕೋಣೆ ಶಾಂತ ಎಂದು ಹೇಳಬಹುದು, ಅಷ್ಟೇ. ರಾಯರ ಪ್ರಕರಣದಲ್ಲಿ ಒಂದೇ ಕಟ್ಟಡದ ಎರಡು ಕೋಣೆಗಳ ನಡುವೆ ಇದ್ದ ವ್ಯತ್ಯಾಸ ಎರಡು ಬಡಾವಣೆಗಳ ನಡುವೆಯೂ ಇರಲಿಲ್ಲ. ಬಡಾವಣೆ ಆರಿಸಲು ಮನೆಮಂದಿ ವಾರಗಟ್ಟಲೆ ಚರ್ಚಿಸಿದ್ದರು, ಕಿಟಕಿ ಯಾವ ಕಡೆಗೆ ಎಂದು ಒಬ್ಬರೂ ಕೇಳಿರಲಿಲ್ಲ.

ಈಗ ನಮ್ಮ ಕಚೇರಿಯಲ್ಲಿ ಹಿರಿಯರಿಗೆ ಕೋಣೆ ಕಾದಿರಿಸುವ ಮೊದಲು ಆ ಊರಿನ ಹಬ್ಬ, ಮುಹೂರ್ತ, ಪರೀಕ್ಷೆ, ರಸ್ತೆ ಕಾಮಗಾರಿ ನೋಡುತ್ತೇವೆ. ರಾತ್ರಿ ಹನ್ನೊಂದರ ಮೇಲೆ ಫೋನು ಮಾಡಿ ಪಾಳಿಯಲ್ಲಿರುವವರನ್ನೇ ಮಾತನಾಡಿಸುತ್ತೇವೆ. ಮೊದಲ ಎರಡು ರಾತ್ರಿಗೆ ಮಾತ್ರ ಹಣ ಕೊಟ್ಟು ಉಳಿದದ್ದನ್ನು ಅಲ್ಲಿಗೆ ಹೋದ ಮೇಲೆ ನಿರ್ಧರಿಸಲು ಬಿಡುತ್ತೇವೆ. ಋತುವಿನಲ್ಲಿ ಕೋಣೆ ಸಿಗದೇ ಹೋಗುವ ಅಪಾಯ ಇದ್ದೇ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇವೆ. ಕೆಲವರು ಇದಕ್ಕೆ ಒಪ್ಪುವುದಿಲ್ಲ. ಅವರ ಮಟ್ಟಿಗೆ ಖಚಿತವಾದ ಕೋಣೆಯೇ ನಿದ್ದೆಗಿಂತ ದೊಡ್ಡದು, ಇರಲಿ.

ರಾಯರ ಸಂಬಂಧಿಕರೊಬ್ಬರು ಇದನ್ನೆಲ್ಲ ಕೇಳಿ, ಕಣ್ಣಿನ ಚಿಕಿತ್ಸೆಗೆಂದು ಫೆಬ್ರವರಿಯಲ್ಲಿ ಚೆನ್ನೈಗೆ ಹೋಗುತ್ತಿದ್ದೇವೆ, ಅದೇ ಹೋಟೆಲನ್ನು ಮಾಡಿಕೊಡಿ ಎಂದು ಬಂದರು. ಪೊಂಗಲ್ ಕಳೆದು ತೈ ತಿಂಗಳು ಹುಟ್ಟಿತೆಂದರೆ ತಮಿಳುನಾಡಿನಲ್ಲಿ ಮದುವೆಗಳು ಶುರು. ಹುಡುಗನಿಗೆ ಫೋನು ಮಾಡಿದೆವು. ಅವರು ಹೇಳಿದ ವಾರದಲ್ಲಿ ಮಂಟಪ ನಾಲ್ಕು ದಿನ ಕಾದಿರಿಸಲ್ಪಟ್ಟಿತ್ತು, ಅದರಲ್ಲಿ ಎರಡು ನಸುಕಿನ ಮುಹೂರ್ತ. ಬೇಡ ಎಂದು ಹೇಳಿ, ಮಾಡ ಬೀದಿಯ ಓಣಿಯ ಹೋಟೆಲಿನಲ್ಲಿ, ಕಾಫಿಯ ಅಂಗಡಿಗೆ ಬೆನ್ನು ಮಾಡಿದ ಕೋಣೆಯೊಂದನ್ನು ಎರಡು ರಾತ್ರಿಗೆ ಹಿಡಿದುಕೊಟ್ಟೆವು.